ಏಳನೇ ತಡೆಯ ಕ್ರೇಟು

ಹೋದ ವರ್ಷ ಚಾಮರಾಜನಗರದ ಒಂಟಿಚಕ್ರದ ಸ್ಪರ್ಧೆಯಲ್ಲಿ ನಾನು ಒಂದು ಅಂಕದಿಂದ ಸೋತೆ. ಆ ದಿನದ ಡೈರಿಯಲ್ಲಿರುವುದು ಇಷ್ಟೇ: ‘ತಡೆ ಎಂಟು. ದಾಟಿದ್ದು ಏಳು. ಒಂದನ್ನು ಅವನು ಕಿತ್ತುಕೊಂಡ.’

ನಮ್ಮ ಸ್ಪರ್ಧೆ ವೇಗದ್ದಲ್ಲ. ಹಲಗೆ, ಲಾರಿ ಟೈರು, ಬೇಲಿಯ ಕಲ್ಲುಚಪ್ಪಡಿ, ಕ್ರೇಟು ಇವನ್ನೆಲ್ಲ ಜೋಡಿಸಿ ಎಂಟು ತಡೆ ಕಟ್ಟುತ್ತಾರೆ. ಒಂದೇ ಚಕ್ರದ ಸೈಕಲ್ಲಿನ ಮೇಲೆ ಕುಪ್ಪಳಿಸುತ್ತಾ, ಕಾಲಾಗಲಿ ಕೈಯಾಗಲಿ ನೆಲಕ್ಕೆ ತಾಗದಂತೆ ಅವನ್ನು ದಾಟಬೇಕು. ದಾಟಿದರೆ ಒಂದಕ್ಕೆ ಒಂದು ಅಂಕ. ತಪ್ಪಿದರೆ ಇನ್ನೊಂದು ಸಲ ಪ್ರಯತ್ನಿಸಬಹುದು. ಯಾವ ಊರಿನಲ್ಲಿ ನಡೆಯುತ್ತದೋ ಆ ಊರಿನವರೊಬ್ಬರು ತಡೆ ಕಟ್ಟಿ, ತೀರ್ಪನ್ನೂ ಕೊಡುತ್ತಾರೆ. ಕಟ್ಟಿದವರು ಸ್ಪರ್ಧಿಸುವಂತಿಲ್ಲ. ಹೋದ ವರ್ಷ ಕಟ್ಟಿದವನು ಅವನು, ಚಾಮರಾಜನಗರದವನು, ನನಗಿಂತ ನಾಲ್ಕು ವರ್ಷ ದೊಡ್ಡವನು.

ಅವನ ಏಳನೇ ತಡೆ ಟೊಮೆಟೊ ಕ್ರೇಟುಗಳದ್ದು. ನಾಲ್ಕನ್ನು ಬೋರಲಾಗಿ ಒಂದರ ಮೇಲೊಂದು ಇಟ್ಟಿದ್ದ. ನಾನು ಗುಂಡ್ಲುಪೇಟೆಯ ಟೊಮೆಟೊ ಮಂಡಿಯಲ್ಲಿ ಬೆಳೆದವಳು. ನಮ್ಮಲ್ಲಿ ಕ್ರೇಟನ್ನು ಯಾರೂ ಸುಮ್ಮನೆ ಇಡುವುದಿಲ್ಲ, ಒಂದರ ಅಂಚು ಇನ್ನೊಂದಕ್ಕೆ ಕಚ್ಚಿಕೊಳ್ಳುವ ಹಾಗೆ ಕೂರಿಸುತ್ತಾರೆ. ಮಾತಾಡುತ್ತಾ, ಎತ್ತಲೋ ನೋಡುತ್ತಾ ಇಟ್ಟರೂ ಟಕ್ ಎಂದು ಕೂರುತ್ತದೆ. ಹಾಗಾಗಿ ಕೂತಿದೆಯೋ ಇಲ್ಲವೋ ಎಂದು ನೋಡಬೇಕೆಂದೇ ನನಗೆ ಹೊಳೆಯಲಿಲ್ಲ. ಹತ್ತಿದೆ. ಮೇಲಿನದು ನಾಲ್ಕು ಬೆರಳು ಜಾರಿತು. ನಾನು ಬೀಳಲಿಲ್ಲ, ನೆಲ ಮುಟ್ಟಲಿಲ್ಲ, ಆ ಕಡೆ ಇಳಿದೂ ಬಿಟ್ಟೆ.

ಅವನು ಸೀಟಿ ಊದಿದ. “ಬಾಕ್ಸ್ ಅಲ್ಲಾಡ್ಬುಡ್ತು ಕಣಮ್ಮಿ. ತಡೆ ಕದಲುದ್ರೆ ಪಾಯಿಂಟ್ ಇಲ್ಲ, ಇನ್ನೊಂದ್ ಚಾನ್ಸೂ ಇಲ್ಲ.”

“ನಿಯಮದ ಹಾಳೆಲಿ ಹಂಗೆಲ್ಲಿ ಬರ್ದದೆ?”

“ಎಲ್ಲಾನೂ ಬರೀಬೇಕಾ? ಹತ್ತೋಕ್ ಮುಂಚೆ ಮುಟ್ಟಿ ನೋಡ್ಬೇಕಾಗಿತ್ತು. ಮಂಡಿಯವರ ಮಗಳು, ಕ್ರೇಟ್ ಗೊತ್ತಿಲ್ವಾ?”

ಸುತ್ತ ನಿಂತವರು ನಕ್ಕರು. ಹದಿನಾಲ್ಕು ಜನ. ಅದನ್ನೂ ಬರೆದಿಟ್ಟಿದ್ದೇನೆ.

ಈ ವರ್ಷ ಸ್ಪರ್ಧೆ ನಮ್ಮ ಊರಿಗೆ ಬಂತು. ನಡೆಸುವವರು ಸೈಕಲ್ ಶಾಪಿನ ಹಿರಿಯರು, ನಮಗೆಲ್ಲ ಮೊದಲು ಒಂಟಿಚಕ್ರ ಹತ್ತಿಸಿದವರು. ತಡೆ ನಾನೇ ಕಟ್ಟುತ್ತೇನೆ ಎಂದಾಗ ಅವರು ಕೈಯಲ್ಲಿದ್ದ ಪಾನಾ ಕೆಳಗಿಟ್ಟರು. “ಈ ಸಲ ಗೆಲ್ಲೋಳು ನೀನೇ ಕಣವ್ವಾ. ಕಟ್ಟುದ್ರೆ ಆಡಂಗಿಲ್ಲ, ಗೊತ್ತಲ್ಲ?”

ಗೊತ್ತಿತ್ತು. ಆ ವಾರದ ಅಭ್ಯಾಸದಲ್ಲಿ ಐದು ದಿನಕ್ಕೆ ಐದೂ ದಿನ ಎಂಟೂ ತಡೆ ದಾಟಿದ್ದೆ. ಆದರೂ ನನಗೆ ಗೆಲುವು ಬೇಕಿರಲಿಲ್ಲ. ಅವನು ಸೋಲಬೇಕಿತ್ತು, ಅದೂ ಅವನದೇ ನಿಯಮದಲ್ಲಿ.

ನಿಯಮದ ಹಾಳೆ ನಾನೇ ಬರೆದೆ. ನಾಲ್ಕನೆಯದು: ‘ಹತ್ತುವ ಮೊದಲು ಪ್ರತಿ ತಡೆಯನ್ನೂ ಕೈಯಿಂದ ಅಲುಗಾಡಿಸಿ ನೋಡಬಹುದು. ಸರಿಪಡಿಸುವಂತಿಲ್ಲ.’ ಐದನೆಯದು: ‘ತಡೆ ಕದಲಿದರೆ ಅಂಕವಿಲ್ಲ, ಎರಡನೇ ಅವಕಾಶವೂ ಇಲ್ಲ.’ ಏಳನೇ ತಡೆಗೆ ನಾಲ್ಕು ಕ್ರೇಟು. ಮೂರನ್ನು ಕಚ್ಚಿಸಿ ಕೂರಿಸಿ, ಮೇಲಿನದನ್ನು ಮಾತ್ರ ಅಂಚು ಕಚ್ಚದಂತೆ ತಿರುಗಿಸಿ ಇಟ್ಟೆ.

ಕಟ್ಟಿದವರು ಪ್ರತಿ ತಡೆಯನ್ನೂ ಹಿರಿಯರ ಎದುರು ಒಮ್ಮೆ ದಾಟಿ ತೋರಿಸಬೇಕು ಎಂಬುದು ಮೊದಲಿನಿಂದ ಇರುವ ನಿಯಮ. ಅಂಚಿಗೆ ಹೋಗದೆ ನಟ್ಟನಡುವೆ ಮೆಲ್ಲಗೆ ಇಳಿದರೆ ಕ್ರೇಟು ಕದಲುವುದಿಲ್ಲ. ಅದನ್ನು ಕಂಡುಕೊಳ್ಳಲು ಶನಿವಾರ ಸಂಜೆ ಹತ್ತೊಂಬತ್ತು ಸಲ ಹತ್ತಿದೆ, ಕೊನೆಯ ಎರಡು ಸಲ ಸರಿಯಾಯಿತು. ಹಿರಿಯರು ನೋಡಿ ಹಾಳೆಗೆ ಸಹಿ ಹಾಕಿದರು.

ಭಾನುವಾರ ಹನ್ನೊಂದು ಜನ ಬಂದರು. ನಾಲ್ಕು ಜನ ಏಳನೆಯದನ್ನು ಕೈಯಿಂದ ಅಲುಗಾಡಿಸಿ, ತಿಳಿದುಕೊಂಡು, ನಡುವೆ ಇಳಿದು ದಾಟಿದರು. ಉಳಿದವರಲ್ಲಿ ಮೊದಲು ಜಾರಿದವಳು ನಮ್ಮವಳೇ, ಮದ್ದೂರಿನಿಂದ ಬಂದು ನನ್ನ ಜೊತೆ ಅಭ್ಯಾಸ ಮಾಡುವ ಹುಡುಗಿ. ಅವಳಿಗೆ ಹೇಳಿಬಿಡಬಹುದಿತ್ತು. ಹೇಳಿದ್ದರೆ ಬಾಯಿಂದ ಬಾಯಿಗೆ ಹೋಗಿ ಅವನಿಗೂ ತಿಳಿಯುತ್ತಿತ್ತು. ಆಮೇಲೆ ಒಂಬತ್ತು ದಿನ ಅವಳು ನನ್ನ ಜೊತೆ ಮಾತು ಬಿಟ್ಟಳು.

ಅವಳು ಜಾರಿದ್ದನ್ನು ಅವನು ನೋಡಲಿಲ್ಲ, ಚಪ್ಪಡಿಯ ಹತ್ತಿರ ಯಾರೊಂದಿಗೋ ಮಾತಾಡುತ್ತಿದ್ದ. ಆರು ತಡೆ ಸಲೀಸಾಗಿ ದಾಟಿ ಬಂದ. ನಾನು ಹಾಳೆ ಚಾಚಿದೆ.

“ನಿಯಮ ಓದ್ಕೊಳ್ಳಿ ಅಣ್ಣ.”

“ನಂಗೇ ನಿಯಮ ಹೇಳ್ಕೊಡ್ತೀಯಾ?” ಎಂದು ಹಾಳೆ ನೋಡದೆ ಹತ್ತಿದ.

ಕ್ರೇಟು ಜಾರಿತು. ಅವನೂ ಬೀಳಲಿಲ್ಲ. ನನ್ನಂತೆಯೇ ತೂಕ ಹಿಡಿದು ಆ ಕಡೆ ಇಳಿದ. ನಾನು ಸೀಟಿ ಊದಿದೆ. ಅಷ್ಟು ಉದ್ದ ಊದಬೇಕಿರಲಿಲ್ಲ.

“ಬೇಕು ಅಂತಾನೇ ಮಾಡಿದ್ದೀಯ,” ಎಂದ.

“ಹೂಂ. ಬೇಕು ಅಂತಾನೇ. ಹೋದ ವರ್ಷ ನೀವು?”

ಅವನು ಹಿರಿಯರ ಕಡೆ ತಿರುಗಿದ. ಅವರು ಸಹಿ ಮಾಡಿದ ಹಾಳೆ ತೋರಿಸಿದರು. “ದಾಟಿ ತೋರ್ಸವ್ಳೆ ಕಣಪ್ಪ. ನಾನೇ ನೋಡಿವ್ನಿ.” ಆಮೇಲೆ ಅವರು ನನ್ನನ್ನು ನೋಡಿದ ನೋಟ ಮೆಚ್ಚುಗೆಯದಾಗಿರಲಿಲ್ಲ.

ಅವನು ಎಂಟನೆಯದನ್ನೂ ದಾಟಿದ. ಒಟ್ಟು ಏಳು. ಎಂಟು ದಾಟಿದ ಇನ್ನೊಬ್ಬ ಗೆದ್ದ.

ಎಲ್ಲರೂ ಹೊರಡುವ ಮುಂಚೆ ಹಿರಿಯರು ಐದನೇ ನಿಯಮ ಇರಬೇಕೋ ಬೇಡವೋ, ಕೈ ಎತ್ತಿ ಹೇಳಿ ಎಂದರು. ಬೇಡ ಎಂದು ಮೊದಲು ಎತ್ತಿದ್ದು ಅವನ ಕೈ. ಹಿರಿಯರದೂ ಸೇರಿಸಿ ಎಣಿಸಿದೆ: ಆರು ಬೇಕು, ಆರು ಬೇಡ. ನನ್ನದೊಂದು ಬಾಕಿ.

ಅವನು ಹತ್ತಿರ ಬಂದ. “ಎತ್ತಮ್ಮಿ. ಅದು ಸರಿಯಿಲ್ಲ ಅಂತ ನಿಂಗೂ ಗೊತ್ತು.”

“ನಿಮಗೆ ಯಾವಾಗ ಗೊತ್ತಾಯ್ತು?”

ನಾನು ಡೈರಿಯ ಹೋದ ವರ್ಷದ ಪುಟ ತೆಗೆದು, ಪೆನ್ನು ಕೊಟ್ಟು, ಏಳನೇ ತಡೆಯ ಮುಂದೆ ಅಂಕ ಹಾಕಿ ಎಂದೆ. ಎಲ್ಲರೂ ನೋಡುತ್ತಿದ್ದರು. ಅವನು ಕಿವಿ ಕೆಂಪಾಗಿಸಿಕೊಂಡು ಒಂದು ಎಂದು ಬರೆದ, ಕೆಳಗೆ ಸಹಿಯನ್ನೂ ಹಾಕಿದ.

ನಾನು ಕೈ ಎತ್ತಿದೆ. ನಿಯಮ ಬಿದ್ದುಹೋಯಿತು.

“ಅಂಗಾದ್ರೆ ಇವತ್ತಿನ ನನ್ ಪಾಯಿಂಟು?”

“ಮುಂದಿನ ವರ್ಷದಿಂದ ಅಣ್ಣ,” ಎಂದೆ. “ಇವತ್ತಿಂದು ಹಂಗೇ ಇರ್ಲಿ.”