ಮಸ್ಕಿಯಲ್ಲಿ ಬಿಟ್ಟುಕೊಟ್ಟದ್ದು

ತಂಗಿ ತೀರಿಕೊಂಡಾಗ ಅವಳ ಮಗಳಿಗೆ ಇನ್ನೂ ತೊದಲು ಮಾತು. ಲಿಂಗಸೂಗೂರಿನಲ್ಲಿ ಅಂಗಡಿ ನಡೆಸುವ ತಂಗಿಯ ಗಂಡ ಮಗುವನ್ನು ಸಿಂಧನೂರಿಗೆ ತಂದು ನನ್ನ ಮಡಿಲಿಗೆ ಹಾಕಿದ. ನಾನು ಮದುವೆಯಾಗಿರಲಿಲ್ಲ; ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತ ಒಬ್ಬಳೇ ಇದ್ದೆ. ನನ್ನನ್ನು ದೊಡ್ಡವ್ವ ಎನ್ನುತ್ತ ಅವಳು ಮೂರನೇ ತರಗತಿಯವರೆಗೆ ಬೆಳೆದಳು.

ಹೋದ ವರ್ಷ ಅವಳ ಅಪ್ಪ ಮತ್ತೆ ಮದುವೆಯಾದ. ಶಾಲೆ ಶುರುವಾಗುವ ಹೊತ್ತಿಗೆ ಬಂದು ಚಹಾ ಮುಟ್ಟದೆ ಕುಳಿತ.

“ಅಕ್ಕಾರ, ಕೂಸಿನ್ನ ಕರ್ಕೊಂಡ್ ಹೋಗಾಕ ಬಂದೀನ್ರೀ. ನನ್ ಹೆಣ್ತಿನೂ ದಿನಾ ಕೇಳಾಕತ್ತಾಳ.”

ಬೇಡ ಎನ್ನಲು ಕಾರಣ ಹುಡುಕಿದೆ. ಸಿಗಲಿಲ್ಲ. ಇಬ್ಬರೂ ಒಳ್ಳೆಯವರೇ. ಒಂದು ವಾರ ಕೊಡು ಎಂದೆ.

ಆ ವಾರದ ಪಾಠದಲ್ಲಿ ರಾಜನೊಬ್ಬ ಸಿಂಹಾಸನ ಬಿಟ್ಟುಕೊಡುತ್ತಾನೆ. ಅಲ್ಲಿ ‘ರಿಲಿಂಕ್ವಿಶ್’ ಎಂಬ ಪದ ಬಂತು. ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನಿಂದ ಬರುವ ಹುಡುಗಿ ಎದ್ದು ನಿಂತಳು.

“ಮೇಡಂ, ಬಿಟ್ಟ ಅಂದ್ರ ಸಾಕಿತ್ತಲ್ರೀ. ಇಷ್ಟು ದೊಡ್ಡ ಪದ ಯಾಕ?”

ಚಹಾ ಬಿಟ್ಟೆ, ಊರು ಬಿಟ್ಟೆ ಎನ್ನುವಲ್ಲಿ ಇದು ಒಗ್ಗುವುದಿಲ್ಲ ಎಂದೆ. ಅಧಿಕಾರ, ಆಸ್ತಿ, ಹಕ್ಕು, ಹೀಗೆ ಗಟ್ಟಿಯಾಗಿ ಹಿಡಿದದ್ದನ್ನು ಮನಸ್ಸಿಲ್ಲದಿದ್ದರೂ ತಾನಾಗಿ ಬಿಡುವಾಗ ಈ ಪದ. ದಿನದ ಮಾತಿನಲ್ಲಿ ಯಾರೂ ಆಡುವುದಿಲ್ಲ. ಕೋರ್ಟು, ಕಚೇರಿಗಳ ಬರಹದಲ್ಲಿ ಹೆಚ್ಚು.

“ಹಂಗಾದ್ರ ತನ್ನದಲ್ಲದ್ದನ್ನ ರಿಲಿಂಕ್ವಿಶ್ ಮಾಡಾಕ ಬರ್ತೈತೇನ್ರೀ?”

“ಬರಂಗಿಲ್ಲ,” ಎಂದು ಬೋರ್ಡಿನ ಕಡೆ ತಿರುಗಿದೆ. ಆ ಪದ ಅಳಿಸಿ ಮುಂದಿನದನ್ನು ಬರೆದೆ.

ಎರಡೂ ಊರಿಗೆ ನಡುವೆ ಎಂದು ಭಾನುವಾರ ಮಸ್ಕಿಯ ಬಸ್ ನಿಲ್ದಾಣದಲ್ಲಿ ಸೇರಿದೆವು. ಅವನ ಹೆಂಡತಿ ಇಪ್ಪತ್ತೈದರ ಆಸುಪಾಸಿನವಳು; ಮಗುವಿನ ಎದುರು ಕುಕ್ಕರಗಾಲಿನಲ್ಲಿ ಕೂತು ಜಡೆ ಸರಿಮಾಡಿದಳು. ಲಿಂಗಸೂಗೂರಿನ ಬಸ್ಸು ಬಂತು.

“ದೊಡ್ಡವ್ವಾ, ನೀನೂ ಬಾ.”

“ಸೂಟಿಗೆ ನೀನ ಬರ್ತೀಯಲ್ಲ.”

ಅವಳು ನನ್ನ ಬೆರಳು ಹಿಡಿದೇ ಇದ್ದಳು. ಬಿಡಿಸಿಕೊಂಡವಳು ನಾನು. ವಾಪಸ್ ಬರುವಾಗ ಪಕ್ಕದ ಸೀಟು ಬಳಗಾನೂರು ದಾಟಿದರೂ ಖಾಲಿಯಿತ್ತು; ಯಾರಾದರೂ ಬಂದು ಕೂರಲಿ ಎಂದು ಕಿಟಕಿಗೆ ಒತ್ತಿಕೊಂಡು ಕುಳಿತೆ.

ದಸರಾ ಸೂಟಿಗೆ ಬಂದಳು. ನಾನು ಸಜ್ಜಕ ಮಾಡಿದೆ, ಹೊಸ ಫ್ರಾಕು ತಂದೆ. ಮರುದಿನವೇ ಮುಖ ಸಪ್ಪಗೆ ಮಾಡಿಕೊಂಡು ಬಾಗಿಲಲ್ಲಿ ಕುಳಿತಳು.

“ಏನಾತವ್ವಾ?”

“ಅವ್ವನ ನೆನಪಾಗಾಕತ್ತೈತಿ.”

ಯಾವ ಅವ್ವ ಎಂದು ತಿಳಿಯಲು ನನಗೆ ಗಳಿಗೆ ಹಿಡಿಯಿತು. ಈ ಸಲ ನಾನೇ ಲಿಂಗಸೂಗೂರಿನವರೆಗೂ ಕರೆದೊಯ್ದೆ. ಬಾಗಿಲಲ್ಲೇ ಅವಳು ಓಡಿಹೋಗಿ ಹೊಸ ಅವ್ವನ ಸೊಂಟ ತಬ್ಬಿಕೊಂಡಳು.

“ಉಂಡ ಹೋಗ್ರೀ, ಅಕ್ಕಾರ,” ಎಂದಳು ಆಕೆ.

ಕೈಕಾಲು ತೊಳೆದು ಊಟಕ್ಕೆ ಕುಳಿತೆ.