ಹುಡುಕಮ್ಮನ ಪಾಠ
ಪ್ರಬಂಧ ಬರೆಯುವ ಕಾಲೇಜು ಮಕ್ಕಳಿಗೆ ಗ್ರಂಥಾಲಯದಲ್ಲಿ ಪುಸ್ತಕ ಹುಡುಕುವುದನ್ನು ಕಲಿಸುವ ಮೇಡಮ್ಮಿಗೆ ಹುಡುಕಮ್ಮ ಎಂದೇ ಅಡ್ಡಹೆಸರು. ಪುಸ್ತಕ ಎಲ್ಲಿದೆ ಎಂದರೆ, "ನಾನೇನು ಬಚ್ಚಿಟ್ಟಿದ್ದೀನಾ? ಹುಡುಕು!" ಫೋನ್ ತೋರಿಸಿ "ಇದರಲ್ಲೇ ಇದೆ" ಎಂದವನಿಗೆ, "ಬರೆದೋರು ಯಾರಪ್ಪ, ನಿಮ್ಮ ಮಾವನಾ?" ಕಪಾಟಿನ ಮುಂದೆ ನಿಂತರೆ ಒಂದೇ ಮಂತ್ರ: "ಪುಸ್ತಕದ ಬೆನ್ನಿನ ನಂಬರು ಗಟ್ಟಿಯಾಗಿ ಓದು." ಸದ್ದು ಮಾಡಬೇಡಿ ಎಂಬ ಫಲಕದ ಕೆಳಗೇ ಮಕ್ಕಳು ಮಗ್ಗಿ ಒಪ್ಪಿಸಿದಂತೆ ಕೂಗುತ್ತಾರೆ, ಹುಡುಕಮ್ಮ ಕಣ್ಣು ಮುಚ್ಚಿಕೊಂಡೇ "ಅದಲ್ಲ, ಪಕ್ಕದ್ದು" ಎನ್ನುತ್ತಾರೆ. ಎರಡು ವರ್ಷದಿಂದ ಆ ನಂಬರುಗಳು ಅವರಿಗೆ ಇರುವೆ ಸಾಲಿನಂತೆ ಕಾಣುತ್ತಿವೆ. ಗೊತ್ತಾದರೆ ಕೆಲಸ ಹೋದೀತೆಂದು ಬಾಯಿ ಬಿಟ್ಟಿಲ್ಲ. ಮೊನ್ನೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಹತ್ತಿರ ಬಂದು, ಅವರ ಕೈಯಲ್ಲಿ ತಲೆಕೆಳಗಾಗಿದ್ದ ಪುಸ್ತಕವನ್ನು ಮೆಲ್ಲಗೆ ನೆಟ್ಟಗೆ ತಿರುಗಿಸಿಟ್ಟಳು. "ನೀನು ಹುಡುಕೋದು ಕಲಿತೆ ಬಿಡು ತಾಯಿ," ಎಂದರು ಹುಡುಕಮ್ಮ, ಮೊದಲ ಸಲ ಪಿಸುದನಿಯಲ್ಲಿ.