ರೂಲಿ ಎಣಿಸಿದ ಡೈಪರ್‌ಗಳು

ನೆದರ್‌ಲ್ಯಾಂಡ್ಸ್‌ನಲ್ಲಿ ಹೆರಿಗೆಯಾದ ಮನೆಗೆ ಎಂಟು ದಿನ ಬಾಣಂತನಕ್ಕೆ ಒಬ್ಬರನ್ನು ಕಳಿಸುವುದು ಆರೋಗ್ಯ ವಿಮೆಯ ಪಾಲಿನ ಕೆಲಸ. ನಮ್ಮ ಆಸನ್ ಊರಿನಲ್ಲಿ ಹಾಗೆ ಬರುವವರು ರೂಲಿ. ಅರವತ್ತೊಂದು ವಯಸ್ಸು, ಹಳೇ ಸೈಕಲ್ಲು, ಚೀಲದಲ್ಲಿ ಮಗು ತೂಗುವ ತಕ್ಕಡಿ. ಮೂವತ್ತನಾಲ್ಕು ವರ್ಷದಲ್ಲಿ ಎಷ್ಟು ಮಕ್ಕಳನ್ನು ಎತ್ತಿದ್ದೀರಿ ಎಂದು ಕೇಳಿದರೆ, "ನಮ್ಮನೆ ಟಾಯ್ಲೆಟ್ ಗೋಡೆನ ಕೇಳು" ಎನ್ನುತ್ತಾರೆ. ಹುಟ್ಟುಹಬ್ಬಗಳ ಕ್ಯಾಲೆಂಡರನ್ನು ಇಲ್ಲಿ ಎಲ್ಲರೂ ತೂಗುಹಾಕುವುದು ಅಲ್ಲಿಯೇ.

ನನ್ನ ಮಗಳು ಹುಟ್ಟಿದ್ದು ಮಾರ್ಚ್‌ನಲ್ಲಿ. ಮನೆಯೊಳಗೆ ಬಂದ ರೂಲಿ ಮೊದಲು ನೋಡಿದ್ದು ಮಗುವನ್ನಲ್ಲ, ನನ್ನ ಮಂಚದ ಕಾಲುಗಳ ಕೆಳಗೆ ಎತ್ತರದ ದಿಮ್ಮಿ ಇಟ್ಟಿದ್ದೇವೆಯೇ ಎಂದು. "ಮಂಚ ಎತ್ತರ ಇದ್ರೆ ನನ್ನ ಸೊಂಟ ಉಳಿಯುತ್ತೆ. ನನ್ನ ಸೊಂಟ ಉಳಿದ್ರೆ ನೀನೂ ಉಳೀತೀಯ." ಆಮೇಲೆ ಒಂದು ಪುಸ್ತಕ ಕೊಟ್ಟರು. ಹಾಲು ಕುಡಿದ ಹೊತ್ತು, ಮೈಬಿಸಿ, ಒದ್ದೆಯಾದ ಡೈಪರ್. ಅವರಿಲ್ಲದಾಗ ನಾನು ಬರೆಯಬೇಕು.

ಬರೆದೆ. ಸುಳ್ಳು ಬರೆದೆ. ನಾಲ್ಕನೇ ದಿನ ಅವರು ಹೋದಮೇಲೆ ಮಗು ಒದ್ದೆ ಮಾಡಿದ್ದು ಎರಡೇ ಡೈಪರ್. ಹಾಲು ಸಾಕಾದ ಕೂಸು ಆರಾದರೂ ಒದ್ದೆ ಮಾಡಬೇಕು ಎಂದಿದ್ದರು ರೂಲಿ. ನಾನು ಆರು ಎಂದು ಬರೆದೆ. ಆ ಪುಸ್ತಕ ವಿಮಾ ಕಂಪನಿಗೆ ಹೋಗುತ್ತದೆಂದು ನಂಬಿದ್ದೆ. ಮಗಳ ಹೆಸರು ಇನ್ನೂ ವಿಮೆಗೆ ಸೇರಿರಲಿಲ್ಲ. ಹೊರಗಿನಿಂದ ಬಂದು ಐದು ವರ್ಷದಲ್ಲಿ ನಾನು ಕಲಿತದ್ದು ಇಷ್ಟೆ: ಮನೆಯ ವೈದ್ಯರ ಚೀಟಿಯಿಲ್ಲದೆ ಆಸ್ಪತ್ರೆಯ ತಜ್ಞರು ಮುಖ ತೋರಿಸುವುದಿಲ್ಲ. ಚೀಟಿಯೂ ಇಲ್ಲದ, ವಿಮೆಯೂ ಇಲ್ಲದ ಕೂಸನ್ನು ಯಾರು ಒಳಗೆ ಬಿಟ್ಟಾರು? ಹೆಸರು ಸೇರುವ ತನಕ ಪುಸ್ತಕದಲ್ಲಾದರೂ ಅವಳು ಚೆನ್ನಾಗಿರಲಿ ಎಂದುಕೊಂಡೆ. ಶಾಲೆಯುದ್ದಕ್ಕೂ ಅಂಕಗಳ ಹಿಂದೆ ಓಡಿದವಳ ಬುದ್ಧಿ.

ಐದನೇ ದಿನ ಬೆಳಿಗ್ಗೆ ಎಂಟಕ್ಕೆ ರೂಲಿ ಬಂದು ಪುಸ್ತಕ ಓದಿದರು. ಮಗುವನ್ನು ಕಿಟಕಿಯ ಬೆಳಕಿಗೆ ಒಯ್ದು ಮೂಗಿನ ತುದಿಯನ್ನು ಮೆಲ್ಲಗೆ ಒತ್ತಿ ಬಿಟ್ಟರು. ಒತ್ತಿದ ಜಾಗ ಹಳದಿ. ತೂಗಿದರು, ತೂಕ ಇಳಿದಿತ್ತು. ಡ್ರಾಯರ್ ಎಳೆದು ಡೈಪರ್ ಎಣಿಸತೊಡಗಿದರು.

"ನಿನ್ನೆ ನಾನು ಹೋಗೋವಾಗ ಹದಿನೆಂಟಿತ್ತು. ಈಗ ಹದಿನಾರಿದೆ. ಪುಸ್ತಕದಲ್ಲಿ ಆರು ಅಂತಿದೆ. ಇನ್ನು ನಾಲ್ಕನ್ನ ನಿನ್ನ ಗಂಡ ಹೊಲಿದು ಕೊಟ್ನಾ?"

ನಾನು ಅತ್ತೇಬಿಟ್ಟೆ. "ಇವಳಿಗೆ ವಿಮೆ ಇಲ್ಲ ರೂಲಿ. ಆಸ್ಪತ್ರೆಯವರು ವಾಪಸ್ ಕಳಿಸಿಬಿಡ್ತಾರೆ."

"ಅಯ್ಯೋ ಹುಡುಗಿ! ಹೆಸರು ಸೇರ್ಸೋಕೆ ನಾಲ್ಕು ತಿಂಗಳು ಟೈಮಿದೆ. ಅಷ್ಟರೊಳಗೆ ಸೇರಿಸಿದ್ರೆ ಹುಟ್ಟಿದ ದಿನದಿಂದ್ಲೇ ವಿಮೆ. ಕಾಮಾಲೆ ಮಾತ್ರ ನಾಲ್ಕು ತಿಂಗಳು ಕಾಯಲ್ಲ."

"ಮತ್ತೆ ಆ ಪುಸ್ತಕ?"

"ಅದು ನನಗೆ, ಸೂಲಗಿತ್ತಿಗೆ. ನಿನ್ನ ಮಗಳ ಉಚ್ಚೆ ಎಣಿಸೋಷ್ಟು ಪುರುಸೊತ್ತು ವಿಮೆಯವರಿಗಿಲ್ಲ."

ಇಷ್ಟು ಹೇಳುವಾಗಲೇ ಅವರ ಕಿವಿಯಲ್ಲಿ ಫೋನಿತ್ತು. ಹದಿನೈದು ನಿಮಿಷಕ್ಕೆ ಸೂಲಗಿತ್ತಿ ಬಂದಳು. ಚೀಟಿಯ ಬದಲು ಅವಳ ಒಂದು ಕರೆ ಸಾಕಾಯಿತು. ಆಸ್ಪತ್ರೆಯ ಬಾಗಿಲಲ್ಲಿ ನರ್ಸ್ ಕೇಳಿದ್ದು ಮಗುವಿನ ಹೆಸರು ಮತ್ತು ಹುಟ್ಟಿದ ದಿನ, ಅಷ್ಟೆ. ಹನ್ನೊಂದು ಗಂಟೆಗೆ ನನ್ನ ಮಗಳು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕಾಮಾಲೆ ಇಳಿಸುವ ನೀಲಿ ಬೆಳಕಿನ ಕೆಳಗೆ ಮಲಗಿದ್ದಳು.

ಎರಡು ದಿನ ಆ ಬೆಳಕನ್ನು ನೋಡುತ್ತ ಕೂತಿದ್ದೆ. ಐದು ವರ್ಷ ಈ ವಿಮೆಯನ್ನು ಬರೀ ಪತ್ರ, ಫಾರಂ, ನಿಯಮ ಎಂದೇ ತಿಳಿದಿದ್ದೆ. ಅದರ ಇನ್ನೊಂದು ತುದಿಯಲ್ಲಿ, ಹದಿನೆಂಟು ಡೈಪರ್ ನೆನಪಿಟ್ಟುಕೊಂಡು ಮಳೆಯಲ್ಲಿ ಸೈಕಲ್ ತುಳಿದು ಬರುವ ಒಬ್ಬ ಹೆಂಗಸಿದ್ದಾಳೆಂದು ನನಗೆ ಯಾವ ಫಾರಮ್ಮೂ ಹೇಳಿರಲಿಲ್ಲ.

ಮನೆಗೆ ಮರಳಿದ ದಿನ ಪುಸ್ತಕದ ಆರನ್ನು ಹೊಡೆದು ಎರಡು ಎಂದು ಬರೆದೆ. ರೂಲಿ ನೋಡಿದರು, ಮಗುವನ್ನು ಎತ್ತಿ ನನ್ನ ಎದೆಗಿಟ್ಟರು.

ಜೂನ್‌ನಲ್ಲಿ ಮಗಳನ್ನು ತೋರಿಸಲು ಅವರ ಮನೆಗೆ ಹೋಗಿದ್ದೆ. ಟಾಯ್ಲೆಟ್ಟಿನ ಗೋಡೆಯ ಮೇಲೆ ಆ ಕ್ಯಾಲೆಂಡರ್. ಒಂದೊಂದು ದಿನದ ಗೆರೆಯಲ್ಲೂ ಇರುವೆ ಸಾಲಿನಂತೆ ಹೆಸರುಗಳು. ಮಾರ್ಚ್ ಹದಿನಾಲ್ಕರಲ್ಲಿ ಮೂರು ಮಕ್ಕಳ ಕೆಳಗೆ, ಸಿಕ್ಕಷ್ಟೇ ಜಾಗದಲ್ಲಿ, ನನ್ನ ಮಗಳು. ಅದರ ಮೇಲೆ ಬೆರಳಿಟ್ಟು ನಿಂತುಬಿಟ್ಟೆ.

ಬಾಗಿಲು ಬಡಿದ ಸದ್ದು. "ಏ ಹುಡುಗಿ, ಒಳಗೇ ಮನೆ ಮಾಡ್ಕೊಂಡ್ಯಾ? ಕಾಫಿ ಆರ್ತಿದೆ!"